ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ವಿಮಾನದ ದೂರವನ್ನೂ ಹೊತ್ತನ್ನೂ ನೀವೇ ಲೆಕ್ಕ ಹಾಕುವುದು ಹೇಗೆ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನದಲ್ಲಿ ಎಷ್ಟು ಹೊತ್ತು ಬೇಕು? ಮಗಳ ಬಾಣಂತನಕ್ಕೆ ಹೊರಟ ಅಮ್ಮನಿಂದ ಹಿಡಿದು ಆಫೀಸ್ ಕೆಲಸಕ್ಕೆ ಮೊದಲ ಸಲ ಹೊರಟ ಹುಡುಗನವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ಹದಿನಾರು ಗಂಟೆ ಅನ್ನುವವರಿದ್ದಾರೆ, ಇಪ್ಪತ್ತೆರಡು ಅನ್ನುವವರಿದ್ದಾರೆ, ಒಂದೂವರೆ ದಿನ ಹಿಡಿಯಿತು ಅನ್ನುವವರೂ ಇದ್ದಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಆಕಾಶದಲ್ಲಿದ್ದ ಹೊತ್ತು ಹೇಳುತ್ತಿದ್ದಾರೆ, ಇನ್ನೊಬ್ಬರು ಟಿಕೆಟ್ಟಿನಲ್ಲಿ ಬರೆದ ಒಟ್ಟು ಹೊತ್ತು ಹೇಳುತ್ತಿದ್ದಾರೆ, ಮತ್ತೊಬ್ಬರು ಮನೆ ಬಾಗಿಲಿಗೆ ಬೀಗ ಹಾಕಿದಾಗಿನಿಂದ ಎಣಿಸುತ್ತಿದ್ದಾರೆ.

ಹಾಗಾಗಿ ಈ ಲೆಕ್ಕವನ್ನು ಬಿಡಿಬಿಡಿಯಾಗಿ ಮಾಡಬೇಕು. ಮೊದಲು ದೂರ, ಆಮೇಲೆ ದಾರಿ, ಆಮೇಲೆ ವೇಗ ಮತ್ತು ಗಾಳಿ, ಆಮೇಲೆ ಗಡಿಯಾರ, ಕೊನೆಗೆ ಮನೆಯಿಂದ ಮನೆಗೆ. ಈ ಎರಡು ಊರುಗಳನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಒಂದು ಇಲ್ಲಿದ್ದರೆ ಇನ್ನೊಂದು ಹೆಚ್ಚುಕಡಿಮೆ ಭೂಮಿಯ ಆಚೆ ಬದಿಯಲ್ಲಿದೆ. ಇಂಥ ಲೆಕ್ಕದಲ್ಲಿ ಬರಬಹುದಾದ ತೊಡಕುಗಳೆಲ್ಲ ಇಲ್ಲೇ ಬಂದುಹೋಗುತ್ತವೆ. ಇದೊಂದನ್ನು ಮಾಡಿ ನೋಡಿದರೆ ಟೊರೊಂಟೊ, ಮೆಲ್ಬರ್ನ್, ಲಂಡನ್ ಎಲ್ಲ ಸಲೀಸು.

ಬೇಕಾಗುವುದು ಫೋನಿನ ಕ್ಯಾಲ್ಕುಲೇಟರ್ ಮತ್ತು ಒಂದು ಹಾಳೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ, ಜೊತೆಗೆ ಒಂದು ಮೊಳ ದಾರ.

1. ನಿಲ್ದಾಣ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಊರಿನ ಹೆಸರು ನಂಬಬೇಡಿ, ಮೂರಕ್ಷರದ ಕೋಡ್ ನೋಡಿ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೊ ಎಸ್‌ಎಫ್‌ಒ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲೇ ಸ್ಯಾನ್ ಹೊಸೆ ನಿಲ್ದಾಣವೂ ಇದೆ, ಅದರ ಕೋಡ್ ಎಸ್‌ಜೆಸಿ. ಸನ್ನಿವೇಲ್, ಕ್ಯುಪರ್ಟಿನೊ ಕಡೆ ಇರುವ ನಮ್ಮವರಿಗೆ ಅದೇ ಹತ್ತಿರ. ಆದರೆ ಕೋಸ್ಟರಿಕಾ ದೇಶದ ರಾಜಧಾನಿಯ ಹೆಸರೂ ಸ್ಯಾನ್ ಹೊಸೆಯೇ, ಅದರ ಕೋಡ್ ಎಸ್‌ಜೆಒ. ಒಂದೇ ಅಕ್ಷರದ ವ್ಯತ್ಯಾಸ, ಊರು ಮಾತ್ರ ಬೇರೆ ದೇಶದಲ್ಲಿ.

ಆಮೇಲೆ ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಅಂಕಿಗಳು ಸಿಗುತ್ತವೆ.

ಬೆಂಗಳೂರು: ಉತ್ತರ 13.1986, ಪೂರ್ವ 77.7066.
ಸ್ಯಾನ್ ಫ್ರಾನ್ಸಿಸ್ಕೊ: ಉತ್ತರ 37.6188, ಪಶ್ಚಿಮ 122.3750.

ಪೂರ್ವ, ಪಶ್ಚಿಮ ಅನ್ನುವುದನ್ನು ಮರೆಯದೆ ಬರೆಯಿರಿ. ಲೆಕ್ಕ ಕೆಡುವುದು ಬಹುಪಾಲು ಇಲ್ಲೇ. ಎರಡೂ ಊರು ಗ್ರೀನ್‌ವಿಚ್‌ನ ಒಂದೇ ಬದಿಯಲ್ಲಿದ್ದರೆ ರೇಖಾಂಶಗಳನ್ನು ಕಳೆಯಬೇಕು. ಬೇರೆ ಬೇರೆ ಬದಿಯಲ್ಲಿದ್ದರೆ ಕೂಡಿಸಬೇಕು. ಇಲ್ಲಿ ಕೂಡಿಸಿದರೆ 200.0816 ಡಿಗ್ರಿ ಬರುತ್ತದೆ. 180 ದಾಟಿತು ಅಂದರೆ ಆಚೆ ಕಡೆಯಿಂದ ಹೋಗುವುದೇ ಹತ್ತಿರ ಎಂದರ್ಥ. 360ರಿಂದ ಕಳೆಯಿರಿ. 159.9184 ಡಿಗ್ರಿ ಉಳಿಯುತ್ತದೆ. ಅಮೆರಿಕ ಪಶ್ಚಿಮದ ದೇಶ ಅಂತ ನಾವು ಅನ್ನುತ್ತೇವೆ. ಆದರೆ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಗೆ ಹತ್ತಿರದ ದಾರಿ ಪೂರ್ವದ ಕಡೆಯಿಂದ.

2. ಮ್ಯಾಪಿನ ಮೇಲೆ ಸ್ಕೇಲ್ ಇಡಬೇಡಿ

ಗೋಡೆಗೆ ತೂಗುಹಾಕುವ ಮ್ಯಾಪಿನಲ್ಲಿ ಸ್ಕೇಲ್ ಇಟ್ಟು ಪೂರ್ವದ ಕಡೆಗೆ ಗೆರೆ ಎಳೆದರೆ ಅದು ಬಂಗಾಳಕೊಲ್ಲಿ ದಾಟಿ, ಪೆಸಿಫಿಕ್ ಸಾಗರದ ನಡುವೆ ಹಾದು ಹೋಗುತ್ತದೆ. ನೋಡಲು ನೇರ, ಉದ್ದ ಸುಮಾರು 16,100 ಕಿ.ಮೀ. ಆದರೆ ಭೂಮಿ ಗುಂಡಗಿದೆ ಅಲ್ವಾ? ಗ್ಲೋಬ್ ಮೇಲೆ ಎರಡೂ ಊರಿನ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರ ತಾನಾಗಿ ಜಾರಿ ಮೇಲಕ್ಕೆ, ಉತ್ತರಕ್ಕೆ ಹೋಗಿ ಕೂರುತ್ತದೆ. ಆ ದಾರ ಹಿಡಿದ ದಾರಿಯೇ ನಿಜಕ್ಕೂ ಹತ್ತಿರದ್ದು. ವಿಮಾನದವರು ಅದನ್ನು ಗ್ರೇಟ್ ಸರ್ಕಲ್ ಅನ್ನುತ್ತಾರೆ.

ಅದನ್ನು ಕ್ಯಾಲ್ಕುಲೇಟರಿನಲ್ಲಿ ಹೀಗೆ ಹಿಡಿಯಬಹುದು. ಫೋನನ್ನು ಅಡ್ಡ ತಿರುಗಿಸಿದರೆ ಸೈನ್, ಕೊಸೈನ್ ಬಟನ್‌ಗಳು ಕಾಣಿಸುತ್ತವೆ. ಮೊದಲು ಅದು ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡಿ, ಡಿಗ್ರಿಗೆ ಹಾಕಿ.

ಒಂದನೇ ಭಾಗ: ಎರಡೂ ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ. 13.1986ರ ಸೈನ್ 0.2283, 37.6188ರ ಸೈನ್ 0.6104. ಗುಣಿಸಿದರೆ 0.1394.

ಎರಡನೇ ಭಾಗ: ಎರಡೂ ಅಕ್ಷಾಂಶಗಳ ಕೊಸೈನ್, ಜೊತೆಗೆ ರೇಖಾಂಶದ ವ್ಯತ್ಯಾಸದ ಕೊಸೈನ್, ಮೂರನ್ನೂ ಗುಣಿಸಿ. 0.9736, 0.7921, ಮೈನಸ್ 0.9392. ಬರುವುದು ಮೈನಸ್ 0.7243. ಈ ಮೈನಸ್ ನೋಡಿ ಗಾಬರಿ ಬೇಡ. ರೇಖಾಂಶದ ವ್ಯತ್ಯಾಸ 90 ಡಿಗ್ರಿ ದಾಟಿದರೆ ಹಾಗೆ ಬರಲೇಬೇಕು.

ಎರಡೂ ಭಾಗ ಕೂಡಿಸಿದರೆ ಮೈನಸ್ 0.5849. ಇದಕ್ಕೆ ಉಲ್ಟಾ ಕೊಸೈನ್ (cos⁻¹ ಬಟನ್) ಒತ್ತಿದರೆ 125.8 ಡಿಗ್ರಿ. ಗ್ರೇಟ್ ಸರ್ಕಲ್ ಮೇಲೆ ಒಂದು ಡಿಗ್ರಿ ಅಂದರೆ ಸುಮಾರು 111.2 ಕಿ.ಮೀ. ಗುಣಿಸಿ. 13,989 ಕಿ.ಮೀ. ಭೂಮಿ ಪಕ್ಕಾ ಚೆಂಡಿನಂತಿಲ್ಲ, ನಡುವಿನಲ್ಲಿ ಸ್ವಲ್ಪ ಉಬ್ಬಿದೆ. ಅದನ್ನೂ ಹಿಡಿದು ಲೆಕ್ಕ ಹಾಕುವ ಸೈಟುಗಳು ಇದಕ್ಕಿಂತ ಹತ್ತು ಹದಿನೈದು ಕಿ.ಮೀ. ಜಾಸ್ತಿ ತೋರಿಸುತ್ತವೆ. ನಮಗೆ 14,000 ಅಂದರೆ ಸಾಕು.

ಪೈಲಟ್‌ಗಳು ಮಾತಾಡುವುದು ನಾಟಿಕಲ್ ಮೈಲಿಯಲ್ಲಿ. ಅದಂತೂ ಇನ್ನೂ ಸುಲಭ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ. 125.8ನ್ನು 60ರಿಂದ ಗುಣಿಸಿದರೆ 7,548. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಸಾಮಾನ್ಯ ಮೈಲಿಯಾದರೆ 1.609 ಕಿ.ಮೀ. ಯಾವುದಾದರೂ ಸೈಟಿನಲ್ಲಿ ಸುಮ್ನೆ 'ಮೈಲಿ' ಅಂತಿದ್ದರೆ ಇವೆರಡರಲ್ಲಿ ಯಾವುದು ಅಂತ ನೋಡಿಕೊಳ್ಳಿ. ಇಷ್ಟು ದೂರಕ್ಕೆ ಸಾವಿರ ಮೈಲಿಗೂ ಜಾಸ್ತಿ ಹೆಚ್ಚುಕಡಿಮೆಯಾಗುತ್ತದೆ.

ನಿಮ್ಮ ಲೆಕ್ಕ ಸರಿಯಿದೆಯೋ ಇಲ್ಲವೋ ನೋಡಲು ದೆಹಲಿಯ ಮೇಲೆ ಒಮ್ಮೆ ಪ್ರಯೋಗ ಮಾಡಿ. ದೆಹಲಿ ನಿಲ್ದಾಣ ಉತ್ತರ 28.5562, ಪೂರ್ವ 77.1ರಲ್ಲಿದೆ. ಅಂದರೆ ಬೆಂಗಳೂರಿನ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಹಾಗಾಗಿ ಸೈನ್ ಕೊಸೈನ್ ಏನೂ ಇಲ್ಲದೆ, ಅಕ್ಷಾಂಶದ ವ್ಯತ್ಯಾಸ 15.36ನ್ನು 111.2ರಿಂದ ಗುಣಿಸಿದರೂ ಸಾಕು, 1,708 ಕಿ.ಮೀ. ಸಿಗುತ್ತದೆ. ಉದ್ದನೆಯ ವಿಧಾನದಲ್ಲೂ ಅಷ್ಟೇ ಬಂದರೆ ನಿಮ್ಮ ಕ್ಯಾಲ್ಕುಲೇಟರ್ ಸರಿಯಿದೆ. ಇನ್ನೊಂದು ಮಿತಿ ನೆನಪಿರಲಿ. ಭೂಮಿಯ ಮೇಲೆ ಯಾವ ಎರಡು ಜಾಗಗಳ ನಡುವೆಯೂ ಸುಮಾರು 20,000 ಕಿ.ಮೀ.ಗಿಂತ ಜಾಸ್ತಿ ದೂರ ಇರಲು ಸಾಧ್ಯವಿಲ್ಲ. ಅದಕ್ಕಿಂತ ಮೇಲೆ ಬಂದರೆ ಎಲ್ಲೋ ಎಡವಿದ್ದೀರಿ.

ಇಷ್ಟೆಲ್ಲ ಯಾಕೆ, ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನುವ ಸೈಟಿದೆ, ಕೋಡ್ ಹೊಡೆದರೆ ದೂರ ಬರುತ್ತದೆ ಅನ್ನುತ್ತೀರಾ? ಖಂಡಿತ ಬಳಸಿ. ಗೂಗಲ್ ಅರ್ಥ್‌ನ ಅಳತೆ ಪಟ್ಟಿಯೂ ಚೆನ್ನಾಗಿದೆ. ಆದರೂ ಒಂದು ಸಲ ಕೈಯಾರೆ ಮಾಡಿದರೆ ಮುಂದಿನ ಹಂತದಲ್ಲಿ ವಿಮಾನ ಯಾಕೆ ಅಲಾಸ್ಕಾ ಕಡೆ ತಿರುಗುತ್ತದೆ ಅಂತ ಯಾರನ್ನೂ ಕೇಳಬೇಕಾಗುವುದಿಲ್ಲ.

3. ದಾರದ ದಾರಿ ಬೇರೆ, ವಿಮಾನದ ದಾರಿ ಬೇರೆ

ಗ್ಲೋಬ್ ಮೇಲಿನ ದಾರವನ್ನು ಬೆರಳಲ್ಲಿ ಹಿಂಬಾಲಿಸಿ. ದೇವನಹಳ್ಳಿಯಿಂದ ಉತ್ತರ-ಈಶಾನ್ಯಕ್ಕೆ ಹೊರಟು ನೇಪಾಳ, ಟಿಬೆಟ್, ಚೀನಾದ ಷಿನ್‌ಜಿಯಾಂಗ್, ಪಶ್ಚಿಮ ಮಂಗೋಲಿಯಾ, ಪೂರ್ವ ಸೈಬೀರಿಯಾ ದಾಟುತ್ತದೆ. 71 ಡಿಗ್ರಿ ಉತ್ತರದ ಹತ್ತಿರ ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕಾದ ಮೇಲಿಂದ ಕೆಳಗಿಳಿದು ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತದೆ. ವಿಮಾನ ಇದೇ ಗೆರೆ ಹಿಡಿದು ಹೋಗುತ್ತದೆಯೇ? ಇಲ್ಲ.

ಮೊದಲ ಅಡ್ಡಿ ಟಿಬೆಟ್. ಅಲ್ಲಿನ ನೆಲವೇ ಸರಾಸರಿ 4,500 ಮೀಟರ್‌ಗಿಂತ ಎತ್ತರ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ತಕ್ಷಣ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರ್‌ಗೆ ಇಳಿಸಬೇಕು. ಮೇಲಿಂದ ಬೀಳುವ ಆಮ್ಲಜನಕದ ಮಾಸ್ಕ್ ಸಾಮಾನ್ಯವಾಗಿ 12ರಿಂದ 20 ನಿಮಿಷ ಬರುತ್ತದೆ, ಅಷ್ಟೇ. ಟಿಬೆಟ್ ಮೇಲೆ ಇಳಿಯಲು ಹೋದರೆ 3,000 ಮೀಟರಿನಲ್ಲಿ ಬೆಟ್ಟ ಇರುತ್ತದೆ. ಅದಕ್ಕೇ ದೂರದ ವಿಮಾನಗಳು ಆ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ಸುತ್ತು ಹಾಕಿಕೊಂಡೇ ಹೋಗುತ್ತವೆ.

ಎರಡನೇ ಅಡ್ಡಿ ರಾಜಕೀಯ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಕೆನಡಾ, ಯುರೋಪ್ ಒಕ್ಕೂಟದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭಾರತದ ಮತ್ತು ಕೊಲ್ಲಿ ದೇಶಗಳ ಕಂಪನಿಗಳಿಗೆ ಮುಚ್ಚಲಿಲ್ಲ. ಅಂದರೆ ಅದೇ ಎರಡು ಊರುಗಳ ನಡುವೆ ಒಂದು ಕಂಪನಿಯ ವಿಮಾನ ಹಿಡಿಯುವ ದಾರಿ ಇನ್ನೊಂದಕ್ಕೆ ಇಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿದದ್ದು ನೆನಪಿರಬಹುದು. ಅಮೆರಿಕಕ್ಕೆ ಹೊರಟದ್ದು ರಷ್ಯಾಕ್ಕೆ ಯಾಕೆ ಹೋಯಿತು ಅಂತ ಆಗ ತುಂಬ ಜನ ಕೇಳಿದರು. ಗ್ಲೋಬ್ ಮೇಲೆ ದಾರ ಎಳೆದು ನೋಡಿದವರಿಗೆ ಆ ಪ್ರಶ್ನೆ ಬರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಆಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಬೇಕಾಯಿತು. ಎರಡೂ ಊರು ಇದ್ದಲ್ಲೇ ಇದ್ದವು, ದೂರ ಮಾತ್ರ ರಾತ್ರೋರಾತ್ರಿ ಜಾಸ್ತಿಯಾಯಿತು.

ಮೂರನೆಯದು ಗಾಳಿ. ಅದಕ್ಕೆ ಮುಂದೆ ಬರುತ್ತೇನೆ.

ಹಾಗಾದರೆ ಎಷ್ಟು ಸೇರಿಸಬೇಕು? ಇಂಥ ದೂರದ ಹಾದಿಗೆ ಗ್ರೇಟ್ ಸರ್ಕಲ್ ದೂರದ ಮೇಲೆ ಶೇಕಡ 3ರಿಂದ 5 ಸೇರಿಸಿಕೊಳ್ಳಿ. 14,000 ಇದ್ದದ್ದು ಸುಮಾರು 14,500 ಆಗುತ್ತದೆ. ಇನ್ನೂ ಪಕ್ಕಾ ಬೇಕಿದ್ದರೆ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ಅನ್ನುವ ವಿಮಾನ ಟ್ರ್ಯಾಕರ್ ತೆರೆದು, ನೀವು ಹತ್ತಲಿರುವ ವಿಮಾನದ ನಂಬರ್ ಹಾಕಿ, ಹಿಂದಿನ ನಾಲ್ಕೈದು ದಿನ ಅದು ಯಾವ ದಾರಿ ಹಿಡಿದಿತ್ತು ನೋಡಿ. ಒಂದೊಂದು ದಿನ ಒಂದೊಂದು ಗೆರೆ ಇರುತ್ತದೆ.

4. ವೇಗ ಹಾಕಿ, ಗಾಳಿ ಸೇರಿಸಿ

ಕೆಲವು ಸೈಟುಗಳು ಈ ಪ್ರಯಾಣಕ್ಕೆ 17 ಗಂಟೆ 54 ನಿಮಿಷ ಅಂತ ನಿಮಿಷದ ಲೆಕ್ಕ ಕೊಡುತ್ತವೆ. ನೋಡಿದರೆ ಬಹಳ ನಿಖರ ಅನಿಸುತ್ತದೆ. ಒಳಗಿನ ಗುಟ್ಟು ಇಷ್ಟೇ: 8,700 ಮೈಲಿಯನ್ನು ಗಂಟೆಗೆ 500 ಮೈಲಿಯಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸಿದ್ದಾರೆ. ಯಾವ ವಿಮಾನ, ಗಾಳಿ ಯಾವ ಕಡೆಯದು, ಏನೂ ಇಲ್ಲ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಉತ್ತರ ಕೊಡುವ ಸೈಟನ್ನು ನಾನಂತೂ ನಂಬುವುದಿಲ್ಲ.

ವಿಮಾನದ ವೇಗವನ್ನು ಮ್ಯಾಕ್‌ನಲ್ಲಿ ಹೇಳುತ್ತಾರೆ, ಅಂದರೆ ಶಬ್ದದ ವೇಗದ ಎಷ್ಟು ಪಾಲು ಅಂತ. 35,000 ಅಡಿ ಎತ್ತರದಲ್ಲಿ ಹೊರಗೆ ಮೈನಸ್ 54 ಡಿಗ್ರಿ ಚಳಿ. ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ. ಬೋಯಿಂಗ್ 777 ಮ್ಯಾಕ್ 0.84ರಲ್ಲಿ ಹೋಗುತ್ತದೆ, ಅಂದರೆ ಗಂಟೆಗೆ ಸುಮಾರು 890 ಕಿ.ಮೀ. 787 ಸ್ವಲ್ಪ ಜಾಸ್ತಿ, 900ರ ಹತ್ತಿರ. ಬೆಂಗಳೂರು–ದೆಹಲಿ ನಡುವೆ ಓಡಾಡುವ ಏರ್‌ಬಸ್ 320, ಬೋಯಿಂಗ್ 737ಗಳು ಮ್ಯಾಕ್ 0.78ರ ಆಸುಪಾಸಿನವು, ಗಂಟೆಗೆ ಸುಮಾರು 830.

ಇದು ಗಾಳಿಯ ಒಳಗಿನ ವೇಗ. ನಮಗೆ ಬೇಕಾದದ್ದು ನೆಲದ ಲೆಕ್ಕದ ವೇಗ. ಹೊಳೆಯಲ್ಲಿ ಈಜುವವನು ಎಷ್ಟೇ ಚುರುಕಾಗಿ ಕೈ ಬೀಸಿದರೂ ದಡದಲ್ಲಿ ನಿಂತವರ ಕಣ್ಣಿಗೆ ಹರಿವಿನ ಜೊತೆ ಬೇಗ, ಎದುರಿಗೆ ನಿಧಾನ ಕಾಣುತ್ತಾನಲ್ಲ, ಹಾಗೆ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಗಾಳಿಯ ಹೊಳೆಯೇ ಹರಿಯುತ್ತದೆ. ಚಳಿಗಾಲದಲ್ಲಿ ಇದರ ಜೋರು ಜಾಸ್ತಿ. ಜಪಾನ್ ಆಸುಪಾಸಿನಲ್ಲಿ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಸೀಟಿನ ಮುಂದಿನ ಪರದೆಯಲ್ಲಿ ಮ್ಯಾಪ್ ಹಾಕಿಕೊಂಡು ಕುಳಿತರೆ ಇದನ್ನು ಕಣ್ಣಾರೆ ನೋಡಬಹುದು. ಪೂರ್ವಕ್ಕೆ ಹೋಗುವಾಗ ಜಪಾನ್ ದಾಟುವ ಹೊತ್ತಿಗೆ ನೆಲದ ವೇಗ 1,000, ಕೆಲವೊಮ್ಮೆ 1,100 ತೋರಿಸುತ್ತದೆ. ವಿಮಾನದ ಒಳಗೆ ಏನೂ ಗೊತ್ತಾಗುವುದಿಲ್ಲ, ಕಪ್ಪಿನಲ್ಲಿನ ಕಾಫಿ ಕೂಡ ಅಲುಗಾಡುವುದಿಲ್ಲ.

ಆದರೆ ಇಡೀ ದಾರಿ ಅಷ್ಟು ಗಾಳಿ ಸಿಗುವುದಿಲ್ಲ. ಬೆಂಗಳೂರಿನ ಕಡೆ, ಅಂದರೆ ಉಷ್ಣವಲಯದಲ್ಲಿ, ಚಿತ್ರ ಬೇರೆಯೇ. ಹಾಗಾಗಿ ಲೆಕ್ಕಕ್ಕೆ ಸರಾಸರಿ ಗಂಟೆಗೆ 60 ಕಿ.ಮೀ. ಹಿಡಿಯೋಣ.

ಹೋಗುವಾಗ: 890ಕ್ಕೆ 60 ಸೇರಿಸಿದರೆ 950. 14,500ನ್ನು 950ರಿಂದ ಭಾಗಿಸಿದರೆ 15.3 ಗಂಟೆ.
ಬರುವಾಗ ಅದೇ ದಾರಿಯಲ್ಲಿ: 890ರಿಂದ 60 ಕಳೆದರೆ 830. ಭಾಗಿಸಿದರೆ 17.5 ಗಂಟೆ.

ನೋಡಿ, ಎರಡು ಗಂಟೆಗೂ ಜಾಸ್ತಿ ವ್ಯತ್ಯಾಸ. ಅದಕ್ಕೇ ಬರುವ ವಿಮಾನ ಅದೇ ದಾರಿಯಲ್ಲಿ ಎದುರುಗಾಳಿಗೆ ಮುಖ ಕೊಟ್ಟು ಬರಲೇಬೇಕು ಅಂತೇನಿಲ್ಲ. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿಸಿತು. ಬೋಯಿಂಗ್ 777-200 ಎಲ್‌ಆರ್ ವಿಮಾನ, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಅದು ಹಿಡಿದದ್ದು ಉತ್ತರ ಧ್ರುವದ ದಾರಿ. ಹದಿನೇಳು ಗಂಟೆಗೂ ಮೇಲೆ ಹಾರಿ ಬೆಂಗಳೂರಿನಲ್ಲಿ ಇಳಿಯಿತು. ಧ್ರುವದ ಮೇಲೆ ಹಾರಲು ಬೇರೆ ತಯಾರಿಯೂ ಬೇಕು. ವಿಮಾನದ ಇಂಧನ ಜೆಟ್ ಎ-1 ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟುವ ಹಂತಕ್ಕೆ ಬರುತ್ತದೆ, ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಮೈನಸ್ 40ಕ್ಕೇ. ಟ್ಯಾಂಕಿನ ಇಂಧನ ಎಷ್ಟು ತಣ್ಣಗಾಗಿದೆ ಅಂತ ಪೈಲಟ್‌ಗಳು ನೋಡುತ್ತಲೇ ಇರಬೇಕಾಗುತ್ತದೆ. ತೀರಾ ತಣ್ಣಗಾದರೆ ಕೆಳಗಿಳಿದು ಬೆಚ್ಚಗಿನ ಗಾಳಿ ಹುಡುಕಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು.

ಒಂದು ಮಾತು. ಈ ನೇರ ಸೇವೆ ಇವತ್ತು ಇದೆಯೇ, ವಾರಕ್ಕೆ ಎಷ್ಟು ಅಂತ ಟಿಕೆಟ್ ನೋಡುವ ದಿನವೇ ಪರಿಶೀಲಿಸಿ. ಇಷ್ಟು ದೂರದ ಸೇವೆಗಳು ಇಂಧನದ ಬೆಲೆ, ಆಕಾಶದ ನಿರ್ಬಂಧ, ವಿಮಾನದ ಕೊರತೆ ನೋಡಿಕೊಂಡು ಶುರುವಾಗುತ್ತವೆ, ನಿಲ್ಲುತ್ತವೆ.

5. ಗೇಟಿನಿಂದ ಗೇಟಿಗೆ

ಟಿಕೆಟ್ಟಿನಲ್ಲಿ ಬರೆದ ಹೊತ್ತು ಚಕ್ರ ನೆಲ ಬಿಟ್ಟಾಗಿನಿಂದ ಅಲ್ಲ. ಗೇಟಿನಿಂದ ವಿಮಾನವನ್ನು ಹಿಂದಕ್ಕೆ ತಳ್ಳಿದಾಗಿನಿಂದ ಹಿಡಿದು ಆಚೆ ಗೇಟಿನಲ್ಲಿ ನಿಲ್ಲುವವರೆಗಿನದು. ರನ್‌ವೇವರೆಗೆ ಉರುಳಿಕೊಂಡು ಹೋಗುವುದು, ಸರದಿ ಕಾಯುವುದು, ನಿಧಾನಕ್ಕೆ ಏರುವುದು, ಇಳಿಯುವುದು ಎಲ್ಲ ಸೇರಿ ಅರ್ಧ ಗಂಟೆಯಿಂದ 40 ನಿಮಿಷ ಸೇರಿಸಿ. ಆಗ ಹೋಗುವುದು ಹದಿನಾರು ಗಂಟೆಯ ಹತ್ತಿರ, ಬರುವುದು ಹದಿನೆಂಟರ ಆಸುಪಾಸು.

ಕಂಪನಿಗಳು ಇದರ ಮೇಲೆ ತಮ್ಮದೂ ಸ್ವಲ್ಪ ಸೇರಿಸುತ್ತವೆ. ದೆಹಲಿಯ 1,708 ಕಿ.ಮೀ.ಯನ್ನು 830ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿದರೆ ಸುಮಾರು 2 ಗಂಟೆ 33 ನಿಮಿಷ ಬರುತ್ತದೆ. ಟಿಕೆಟ್ಟಿನಲ್ಲಿ ಮಾತ್ರ ಎರಡೂ ಮುಕ್ಕಾಲು ಅಥವಾ ಅದಕ್ಕೂ ಜಾಸ್ತಿ ಇರುತ್ತದೆ. ಸ್ವಲ್ಪ ತಡವಾದರೂ 'ಸರಿಯಾದ ಸಮಯಕ್ಕೆ ಬಂತು' ಅನ್ನಿಸಿಕೊಳ್ಳಬೇಕಲ್ಲ!

6. ಗಡಿಯಾರದ ಗೋಜಲು

ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆದರೆ ಎಡವಟ್ಟು. ಎರಡನ್ನೂ ಗ್ರೀನ್‌ವಿಚ್ ಸಮಯಕ್ಕೆ ತಂದು ಆಮೇಲೆ ಕಳೆಯಿರಿ.

ನಮ್ಮದು ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ, ವರ್ಷವಿಡೀ ಅಷ್ಟೇ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ಎಂಟು ಗಂಟೆ ಹಿಂದೆ, ಬೇಸಿಗೆಯಲ್ಲಿ ಏಳು ಗಂಟೆ ಹಿಂದೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ಹೀಗಾಗಿ ನಮಗೂ ಅವರಿಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ.

ಜನವರಿಯ ಒಂದು ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟಿರಿ ಅಂತಿಟ್ಟುಕೊಳ್ಳಿ. ಗ್ರೀನ್‌ವಿಚ್‌ನಲ್ಲಿ ಆಗ ಬೆಳಗ್ಗೆ 8.30. ಹದಿನಾರು ಗಂಟೆ ಸೇರಿಸಿ, ರಾತ್ರಿ 12.30, ಅಂದರೆ ಅಲ್ಲಿ ಮಂಗಳವಾರ ಶುರುವಾಗಿದೆ. ಅದರಿಂದ ಎಂಟು ಗಂಟೆ ಕಳೆಯಿರಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇನ್ನೂ ಸೋಮವಾರ ಸಂಜೆ 4.30. ಗಡಿಯಾರದ ಪ್ರಕಾರ ಎರಡೂವರೆ ಗಂಟೆಯಲ್ಲಿ ಅಮೆರಿಕ! ಅದೇ ವಿಮಾನ ಜುಲೈನಲ್ಲಾದರೆ 5.30ಕ್ಕೆ ಇಳಿಯುತ್ತದೆ. ಹಾರಿದ ಹೊತ್ತು ಒಂದೇ.

ಆ ಸಾಲವನ್ನು ಬರುವಾಗ ತೀರಿಸಬೇಕು. ಚಳಿಗಾಲದ ಒಂದು ಶನಿವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟರೆ ಗ್ರೀನ್‌ವಿಚ್‌ನಲ್ಲಿ ಭಾನುವಾರ ಬೆಳಗ್ಗೆ 5. ಹದಿನೆಂಟು ಗಂಟೆ ಸೇರಿಸಿದರೆ ಭಾನುವಾರ ರಾತ್ರಿ 11. ಐದೂವರೆ ಸೇರಿಸಿದರೆ ಬೆಂಗಳೂರಿನಲ್ಲಿ ಸೋಮವಾರ ಬೆಳಗಿನ ಜಾವ 4.30. ಭಾನುವಾರ ಇಡೀ ಆಕಾಶದಲ್ಲೇ ಹೋಯಿತು. ಸೋಮವಾರ ಬೆಳಗ್ಗೆ ಆಫೀಸಿಗೆ ಬರುತ್ತೇನೆ ಅಂತ ಮಾತು ಕೊಡುವ ಮೊದಲು ಇದನ್ನು ನೋಡಿ. ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕ ಸಣ್ಣದಾಗಿ ಪ್ಲಸ್ 1, ಪ್ಲಸ್ 2 ಅಂತಿರುತ್ತದೆ. ಅದು ಎಷ್ಟು ದಿನ ಮುಂದಕ್ಕೆ ಹೋಯಿತು ಅನ್ನುವ ಗುರುತು. ಬೆಂಗಳೂರಿನಲ್ಲಿ ಕರೆದುಕೊಂಡು ಹೋಗಲು ಬರುವವರಿಗೆ ತಾರೀಕು ಮಾತ್ರವಲ್ಲ, ವಾರವನ್ನೂ ಹೇಳಿ. 'ಭಾನುವಾರ ರಾತ್ರಿ ಕಳೆದು ಸೋಮವಾರ ಬೆಳಗಿನ ಜಾವ' ಅಂತ ಬಿಡಿಸಿ ಹೇಳಿದರೆ ಇನ್ನೂ ಒಳ್ಳೆಯದು.

ಯುರೋಪ್ ಮೂಲಕ ಹೋಗುವವರಿಗೆ ಇನ್ನೊಂದು ಸಣ್ಣ ಬಲೆ ಇದೆ. ಅವರು ಗಡಿಯಾರ ಬದಲಿಸುವುದು ಮಾರ್ಚ್ ತಿಂಗಳ ಕೊನೆಯ ಭಾನುವಾರ. ಅಮೆರಿಕ ಬದಲಿಸಿ ಯುರೋಪ್ ಬದಲಿಸದ ಆ ಎರಡು ಮೂರು ವಾರ ನಿಮ್ಮ ಹಳೆಯ ಲೆಕ್ಕ ಒಂದು ಗಂಟೆ ತಪ್ಪುತ್ತದೆ.

7. ನಡುವೆ ಇಳಿದು ಹತ್ತುವುದಾದರೆ

ಹೆಚ್ಚಿನವರು ಹೋಗುವುದು ಹೀಗೆಯೇ. ಮೇಲಿನ ವಿಧಾನದಲ್ಲೇ ಪ್ರತಿ ತುಂಡನ್ನೂ ಲೆಕ್ಕ ಹಾಕಿ ಕೂಡಿಸಿದರೆ ಹೀಗೆ ಬರುತ್ತದೆ.

ದುಬೈ ಮೂಲಕ: 2,700 ಮತ್ತು 13,030, ಒಟ್ಟು 15,730 ಕಿ.ಮೀ. ಹಾರುವುದು ಸುಮಾರು 20 ಗಂಟೆ.
ಫ್ರಾಂಕ್‌ಫರ್ಟ್ ಮೂಲಕ: 7,400 ಮತ್ತು 9,150, ಒಟ್ಟು 16,550 ಕಿ.ಮೀ. ಸುಮಾರು 21 ಗಂಟೆ.
ಸಿಂಗಪುರ ಮೂಲಕ: 3,180 ಮತ್ತು 13,580, ಒಟ್ಟು 16,760 ಕಿ.ಮೀ. ಸುಮಾರು 20 ಗಂಟೆ.

ದುಬೈ ದಾರಿಯಲ್ಲೊಂದು ಮಜಾ ಇದೆ. ದುಬೈನ ರೇಖಾಂಶ ಪೂರ್ವ 55, ಸ್ಯಾನ್ ಫ್ರಾನ್ಸಿಸ್ಕೊದ್ದು ಪಶ್ಚಿಮ 122. ಕೂಡಿಸಿದರೆ 178ರ ಹತ್ತಿರ, ಅಂದರೆ ಒಂದಕ್ಕೊಂದು ಹೆಚ್ಚುಕಡಿಮೆ ಬೆನ್ನು ಮಾಡಿ ಕೂತಿವೆ. ಆ ದಾರ ಉತ್ತರ ಧ್ರುವದಿಂದ ಸುಮಾರು 200 ಕಿ.ಮೀ. ಪಕ್ಕದಲ್ಲೇ ಹಾದುಹೋಗುತ್ತದೆ.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಿ.ಮೀ.ನಲ್ಲಿ ಸಾವಿರ ವ್ಯತ್ಯಾಸ ಇದ್ದರೂ ಹಾರುವ ಹೊತ್ತಿನಲ್ಲಿ ಒಂದು ಗಂಟೆಯ ಆಚೀಚೆ ಅಷ್ಟೇ. ಸಿಂಗಪುರದ ದಾರಿ ಎಲ್ಲಕ್ಕಿಂತ ಉದ್ದ, ಆದರೂ ಹೋಗುವಾಗ ಪೆಸಿಫಿಕ್ ಮೇಲಿನ ಗಾಳಿ ಬೆನ್ನಿಗಿರುವುದರಿಂದ ಅದು ಹಿಂದೆ ಬೀಳುವುದಿಲ್ಲ. ಬರುವಾಗ ಅದೇ ಗಾಳಿ ಎದುರು ನಿಲ್ಲುತ್ತದೆ. ನಿಜವಾಗಿ ಹೊತ್ತು ತಿನ್ನುವುದು ನಡುವಿನ ಕಾಯುವಿಕೆ. ಎರಡು ಗಂಟೆ ಕಾಯುವ ಟಿಕೆಟ್ಟೂ ಇದೆ, ಹದಿನಾಲ್ಕು ಗಂಟೆ ಕಾಯುವುದೂ ಇದೆ. ಹೀಗಾಗಿ ಟಿಕೆಟ್ ಹೋಲಿಸುವಾಗ ದೂರ ನೋಡಬೇಡಿ, ಒಟ್ಟು ಗಂಟೆ ಮತ್ತು ಕಾಯುವ ಗಂಟೆ ನೋಡಿ.

ನನ್ನ ಮಟ್ಟಿಗೆ ಎರಡೂವರೆಯಿಂದ ನಾಲ್ಕು ಗಂಟೆಯ ಕಾಯುವಿಕೆ ಒಳ್ಳೆಯದು. ಒಂದೂವರೆಗಿಂತ ಕಡಿಮೆ ಇದ್ದರೆ, ಅದರಲ್ಲೂ ಅಪ್ಪ ಅಮ್ಮ ಒಬ್ಬರೇ ಹೋಗುತ್ತಿದ್ದರೆ, ಬೇಡವೇ ಬೇಡ. ಮೊದಲ ವಿಮಾನ ಅರ್ಧ ಗಂಟೆ ತಡವಾದರೂ ಓಡಬೇಕಾಗುತ್ತದೆ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತೆಗೆದು ಒಂದು ತಪ್ಪಿದರೆ ಎರಡನೆಯದರ ಹಣ ನಿಮ್ಮ ತಲೆಗೇ. ನಡುವಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಅಂತ ಆ ದೇಶದ ಸೈಟಿನಲ್ಲೇ ನೋಡಿ, ಈ ನಿಯಮಗಳು ಬದಲಾಗುತ್ತಿರುತ್ತವೆ.

ಅಮೆರಿಕದೊಳಗೇ ಬದಲಿಸುವುದಾದರೆ, ಉದಾಹರಣೆಗೆ ನ್ಯೂಯಾರ್ಕ್‌ನಲ್ಲಿ ಇಳಿದು ಮುಂದೆ ಹೋಗುವುದಾದರೆ, ಇಮಿಗ್ರೇಷನ್ ಅಲ್ಲೇ ಆಗುತ್ತದೆ. ಸಾಮಾನ್ಯವಾಗಿ ಲಗೇಜನ್ನೂ ಅಲ್ಲೇ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬೆಲ್ಟ್ ಮೇಲೆ ಹಾಕಬೇಕು. ಅದಕ್ಕೆ ಕಡಿಮೆ ಅಂದರೂ ಮೂರು ಗಂಟೆ ಇಟ್ಟುಕೊಳ್ಳಿ. ಅಬುಧಾಬಿ ಮೂಲಕ ಹೋದರೆ ಇದು ತಿರುವುಮುರುವು. ಅಲ್ಲಿ ವಿಮಾನ ಹತ್ತುವ ಮೊದಲೇ ಅಮೆರಿಕದ ಅಧಿಕಾರಿಗಳು ಇಮಿಗ್ರೇಷನ್ ಮುಗಿಸುತ್ತಾರೆ. ಕಾಯುವುದು ಅಲ್ಲಿ, ಅಮೆರಿಕದಲ್ಲಿ ಇಳಿದ ಮೇಲೆ ಸೀದಾ ಹೊರಗೆ.

8. ಮನೆಯಿಂದ ಮನೆಗೆ

ಮೆಜೆಸ್ಟಿಕ್‌ನಿಂದ ದೇವನಹಳ್ಳಿ ನಿಲ್ದಾಣ ಸುಮಾರು 35 ಕಿ.ಮೀ. ದೂರ. ಬೆಳಗಿನ ಜಾವ ಮುಕ್ಕಾಲು ಗಂಟೆ, ಸಂಜೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆ. ಜಯನಗರ, ಬನಶಂಕರಿ ಕಡೆಯಿಂದ ಹೊರಡುವವರು ಇನ್ನೂ ಸೇರಿಸಿಕೊಳ್ಳಿ. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಹೋಗಿವೆ, ಕ್ಯಾಬ್‌ನವರಿಗೆ ಮೊದಲೇ ಹೇಳಿ. ಮೂರು ಗಂಟೆ ಮುಂಚೆ ಅಲ್ಲಿರಬೇಕು.

ಕೂಡಿಸೋಣ. ಮನೆಯಿಂದ ನಿಲ್ದಾಣಕ್ಕೆ ಎರಡು, ಅಲ್ಲಿ ಮೂರು, ನೇರ ವಿಮಾನ ಹದಿನಾರು, ಆಚೆ ಇಮಿಗ್ರೇಷನ್ ಮತ್ತು ಲಗೇಜಿಗೆ ಒಂದೂವರೆ, ಅಲ್ಲಿಂದ ಫ್ರೀಮಾಂಟ್ ಕಡೆಗೆ ಕಾರಿನಲ್ಲಿ ಒಂದು. ಇಪ್ಪತ್ತಮೂರೂವರೆ ಗಂಟೆ. ದುಬೈ ಮೂಲಕ ಮೂರು ಗಂಟೆ ಕಾದು ಹೋದರೆ ಮೂವತ್ತು ದಾಟುತ್ತದೆ. ನೇರ ವಿಮಾನಕ್ಕೆ ಎಷ್ಟು ಹೆಚ್ಚು ಕೊಡಬಹುದು ಅಂತ ಯೋಚಿಸುವಾಗ ಈ ಏಳು ಗಂಟೆಯ ಬೆಲೆಯನ್ನು ನಿಮ್ಮ ಮಟ್ಟಿಗೆ ನೀವೇ ಕಟ್ಟಿಕೊಳ್ಳಿ. ಮಂಡಿನೋವಿನ ಅಜ್ಜಿಗೆ ಒಂದು ಬೆಲೆ, ಇಪ್ಪತ್ತೈದರ ಹುಡುಗನಿಗೆ ಇನ್ನೊಂದು.

ಆಚೆ ಕಡೆ ಕರೆದುಕೊಂಡು ಹೋಗಲು ಬರುವವರಿಗೂ ಒಂದು ಲೆಕ್ಕ ಬೇಕಲ್ಲ. ಅವರು ಟಿಕೆಟ್ಟಿನ ಸಮಯ ನೋಡಿ ಹೊರಡುವುದು ಬೇಡ. ವಿಮಾನದ ನಂಬರನ್ನು ವಾಟ್ಸಾಪ್‌ನಲ್ಲಿ ಕಳಿಸಿಡಿ. ಬೆನ್ನುಗಾಳಿ ಜೋರಿದ್ದ ದಿನ ಅದು ಮುಕ್ಕಾಲು ಗಂಟೆ ಮುಂಚೆಯೇ ಇಳಿದಿರುತ್ತದೆ. ಟ್ರ್ಯಾಕರ್‌ನಲ್ಲಿ 'ಇಳಿಯಿತು' ಅಂತ ತೋರಿಸಿದ ಮೇಲೆ ಮನೆ ಬಿಟ್ಟರೂ ನಡೆಯುತ್ತದೆ. ನಿಮ್ಮ ಪೆಟ್ಟಿಗೆ ಬೆಲ್ಟ್ ಮೇಲೆ ಬರುವಷ್ಟರಲ್ಲಿ ಅವರು ನಿಲ್ದಾಣ ಮುಟ್ಟಿರುತ್ತಾರೆ.